ತಜ್ಞರ ಬಾಯಿ ಕಟ್ಟುವವರು ಯಾರ ಪರ?

ಮನೆಗೆ ಕರೆದವರ ಬಾಯಿ ಕಟ್ಟುವುದು ಆತಿಥ್ಯವಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಈಗ ಮೊಬೈಲಿನಲ್ಲಿ ಕೇಳಿಬರುವ ಪಾಡ್‌ಕಾಸ್ಟುಗಳ ನಿರೂಪಕರಲ್ಲಿ ಹಲವರ ಉದ್ಯೋಗವೇ ಇದಾಗಿದೆ. ಭೂವಿಜ್ಞಾನಿಯನ್ನೋ ಕೃಷಿ ತಜ್ಞರನ್ನೋ ಕರೆಯುತ್ತಾರೆ. ಒಂದು ವಾಕ್ಯ ಮುಗಿಸಗೊಡುವುದಿಲ್ಲ. "ಒಂದೇ ಮಾತಿನಲ್ಲಿ ಹೇಳಿ ಸಾರ್" ಎಂದು ನಡುವೆ ನುಗ್ಗುತ್ತಾರೆ. ತಮ್ಮದೇ ಕಥೆ ಹೇಳಿ ತಾವೇ ನಗುತ್ತಾರೆ.

ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಕನ್ನಡದಲ್ಲಿ ಹೌದೋ ಅಲ್ಲವೋ ತಿಳಿಯುವುದು ವಾಕ್ಯದ ಕೊನೆಗೆ. "ಇನ್ನೂ ಆಳಕ್ಕೆ ಕೊರೆದರೆ ನೀರು ಸಿಗುತ್ತದೆ ಎಂದು ನಂಬುವಂತಿಲ್ಲ" ಎನ್ನಹೊರಟವರನ್ನು "ಸಿಗುತ್ತದೆ" ಎಂಬಲ್ಲಿಯೇ ತಡೆದರೆ, ಹೊಸದುರ್ಗದ ತೆಂಗಿನ ರೈತನ ಕಿವಿಗೆ ಬೀಳುವುದು ತಲೆಕೆಳಗಾದ ಸಲಹೆ. ನಮ್ಮ ಜಿಲ್ಲೆಯದು ಗಟ್ಟಿ ಕಲ್ಲಿನ ನೆಲ. ಆಳದ ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಒಂದು ಹೊಲದಲ್ಲಿ ಸಿಕ್ಕ ನೀರು ಪಕ್ಕದ ಹೊಲದಲ್ಲಿ ಸಿಗದಿರಬಹುದು. ಸಿಕ್ಕ ನೀರಿನಲ್ಲಿಯೂ ಹಲವೆಡೆ ಫ್ಲೋರೈಡ್. ಇದನ್ನು ಬಿಡಿಸಿ ಹೇಳಲು ಹತ್ತು ನಿಮಿಷ ಬೇಕು. ಅಷ್ಟನ್ನೂ ಕೊಡದವರು ನಾಳೆ ಕೊಳವೆಬಾವಿಯ ಸಾಲ ತೀರಿಸಲು ಬರುವರೇ?

ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ವೇದಾವತಿಗೆ ಬಿದ್ದ ಮಳೆಯ ಪಾಲೆಷ್ಟು, ಭದ್ರೆಯಿಂದ ಹರಿಸಿದ ನೀರಿನ ಪಾಲೆಷ್ಟು ಎಂದು ತಜ್ಞರು ವಿವರಿಸಹೊರಟರೆ, "ಇನ್ನು ನೀರಿಗೆ ಬರವಿಲ್ಲ ತಾನೇ?" ಎಂದು ಹಾರುವವನಿಗೆ ಆ 89 ವರ್ಷಗಳ ಅರ್ಥ ತಿಳಿಯುವುದೆಂತು?

ತಡೆದು ಕೇಳುವುದೇ ಧೈರ್ಯವೆಂದು ವಾದಿಸುವವರಿದ್ದಾರೆ. ಅಧಿಕಾರಸ್ಥರನ್ನು ಹಾಗೆ ಕೇಳಲಿ, ನಾವೇ ಚಪ್ಪಾಳೆ ತಟ್ಟುತ್ತೇವೆ. 2007ರಲ್ಲಿ ಕರಣ್ ಥಾಪರ್ ಅವರು ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರನ್ನು 2002ರ ಹಿಂಸಾಚಾರದ ಬಗ್ಗೆ ಪಟ್ಟು ಹಿಡಿದು ಕೇಳಿದರು. ಮೋದಿಯವರು ಸಂದರ್ಶನವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಅದು ಉತ್ತರ ತಪ್ಪಿಸುವವರನ್ನು ತಡೆದದ್ದು. ಉತ್ತರ ಕೊಡುತ್ತಿರುವವರನ್ನು ತಡೆಯುವುದರಲ್ಲಿ ಯಾವ ಶೌರ್ಯ? ಮಂತ್ರಿಗಳು ಎದುರು ಕುಳಿತಾಗ ಇವರಲ್ಲಿ ಎಷ್ಟೋ ಮಂದಿ ಗಂಟೆಗಟ್ಟಲೆ ತಲೆದೂಗುವುದನ್ನು ಜನ ಕಂಡಿಲ್ಲವೇ?

ಸಮಯವಿಲ್ಲವೆಂಬ ನೆಪವೂ ಸಲ್ಲದು. ಚಿತ್ರದುರ್ಗದ ಆಕಾಶವಾಣಿಗೆ ಗಡಿಯಾರದ ಕಟ್ಟುಂಟು. ಪಾಡ್‌ಕಾಸ್ಟಿಗೆ ಅದೂ ಇಲ್ಲ.

ತಿಳಿಯದ ಪದ ಬಂದರೆ ತಡೆದು "ಬಿಡಿಸಿ ಹೇಳಿ" ಎನ್ನಿ. ಆ ತಡೆ ಹೊಳಲ್ಕೆರೆಯ ಅಡಿಕೆ ತೋಟದ ಕೂಲಿಯವನ ಪರ. ಉಳಿದಂತೆ, ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಕೇಳುವ ಹಕ್ಕು ನಿಮ್ಮದಾದರೆ, ಉತ್ತರವನ್ನು ಪೂರ್ತಿಯಾಗಿ ಪಡೆಯುವ ಹಕ್ಕು ಜನರದು.