ಚಂದ್ರಶೇಖರ್ ಇವತ್ತು ಟಿ-20 ಆಡಿದ್ದರೆ...

ಸೋಮವಾರ ಬಂತೆಂದರೆ ನಮ್ಮ ಶಾಲೆಯ ವರಾಂಡದ ಕಪ್ಪುಹಲಗೆಯ ಮೇಲೆ ಒಂದು ಪ್ರಶ್ನೆ ಬರೆಯುವುದು ನಾವು ಇಟ್ಟುಕೊಂಡು ಬಂದ ರೂಢಿ. ಮೊನ್ನೆ ಬರೆದ ಪ್ರಶ್ನೆ ಇದು: "ಟೆಸ್ಟ್ ಕ್ರಿಕೆಟ್ಟಿನಲ್ಲಿ ತಾನು ಹೊಡೆದ ರನ್ನಿಗಿಂತ ಹೆಚ್ಚು ವಿಕೆಟ್ ಪಡೆದ ಮೈಸೂರಿನ ಆಟಗಾರ ಯಾರು?"

ಆರ್‌ಸಿಬಿಯ ಹನ್ನೊಂದು ಜನರ ಹೆಸರನ್ನು ಮಗ್ಗಿಯಂತೆ ಒಪ್ಪಿಸುವ ಮಕ್ಕಳು ನಮ್ಮವರು. ಆದರೆ ಬುಧವಾರದವರೆಗೂ ಒಬ್ಬರೂ ಉತ್ತರ ತರಲಿಲ್ಲ. ಕೊನೆಗೆ ನಾವೇ ಬರೆದೆವು: ಬಿ.ಎಸ್. ಚಂದ್ರಶೇಖರ್. 58 ಟೆಸ್ಟ್, 242 ವಿಕೆಟ್, 167 ರನ್.

ಮಕ್ಕಳು ಗೊಳ್ಳೆಂದು ನಕ್ಕರು. ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಬ್ಯಾಟ್ ಹಿಡಿಯೋಕೇ ಬರದಿದ್ದೋರನ್ನ ಈಗ ಟಿ-20ಗೆ ಯಾರು ತಗೋತಾರೆ ಸಾರ್?" ಎಂದ. ಮಧ್ಯಾಹ್ನ ಊಟದ ಹೊತ್ತಿಗೆ ಅದೇ ಪ್ರಶ್ನೆ ಸ್ಟಾಫ್ ರೂಮಿಗೂ ಬಂತು. ಅಲ್ಲಿಯೂ ಎರಡು ಪಕ್ಷವಾಯಿತು. ನಮಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ರಾಯದುರ್ಗದ ಕಡೆಯ ಮೇಷ್ಟ್ರುಗಳೂ, ಮಡಕಶಿರಾ ಕಡೆಯವರೂ ಓದಿ ತಮ್ಮ ಮಾತು ಸೇರಿಸಲಿ.

ಮೊದಲು ಹುಡುಗನ ಪರವಾಗಿಯೇ ವಾದಿಸೋಣ. ಚಂದ್ರಶೇಖರ್ ಬ್ಯಾಟಿಂಗ್ ಸರಾಸರಿ 4.07. ಸೊನ್ನೆಗೆ ಔಟಾದದ್ದು 23 ಸಲ. 1977-78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಅವರಿಗೆ ನಡುವೆ ತೂತು ಕೊರೆದ ಬ್ಯಾಟೊಂದನ್ನು ಉಡುಗೊರೆಯಾಗಿ ಕೊಟ್ಟಿದ್ದರು! ಬಾಲ್ಯದಲ್ಲಿ ಪೋಲಿಯೋ ತಗುಲಿ ಬಲಗೈ ಸೊರಗಿತ್ತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಲ್ಲಿ ಎಸೆಯುತ್ತಿದ್ದರು. ಈಗಿನ ಆಟದಲ್ಲಿ ಬೌಂಡರಿ ಗೆರೆಯ ಬಳಿ ಹಾರಿ ಉಳಿಸಿದ ನಾಲ್ಕು ರನ್ನಿಗೂ ಬೆಲೆಯಿದೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಚಂದ್ರ ಬೌಲಿಂಗ್ ಮಾಡುವಾಗ ಬ್ಯಾಟ್ಸ್‌ಮನ್ನನ ಮೂಗಿನ ಕೆಳಗೇ ಏಕನಾಥ್ ಸೋಲ್ಕರ್‌ನಂಥವರು ನಿಂತಿರುತ್ತಿದ್ದರು. ಬ್ಯಾಟಿನ ಅಂಚಿಗೋ ಗ್ಲೌಸಿಗೋ ತಗುಲಿದ ಚೆಂಡು ಕೈಗೆ ಬೀಳುತ್ತಿತ್ತು. ಟಿ-20ಯಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಅಂಚಿಗೆ ತಗುಲಿದರೆ ಒಂದು ರನ್, ಅದೃಷ್ಟ ಕೆಟ್ಟರೆ ನಾಲ್ಕು. ಲೆಗ್ ಕಡೆ ತುಸು ಸರಿದರೂ ವೈಡ್.

ಈಗ ನಮ್ಮ ವಾದ ಕೇಳಿ. ಚಂದ್ರ ಹೆಸರಿಗೆ ಲೆಗ್ ಸ್ಪಿನ್ನರ್. ಆದರೆ ಗಾಳಿಯಲ್ಲಿ ತೇಲಿಸಿ ಆಸೆ ತೋರಿಸುವ ಲೆಗ್ ಸ್ಪಿನ್ನರ್ ಅಲ್ಲ. ಉದ್ದನೆಯ ಓಟ, ಚಾಟಿಯಂತೆ ಬೀಸುವ ಸಣಕಲು ಕೈ, ಮಧ್ಯಮ ವೇಗದವರಿಗೆ ಹತ್ತಿರದ ವೇಗ, ಒಳಕ್ಕೆ ನುಗ್ಗುವ ಗೂಗ್ಲಿ, ಪುಟಿದು ಏಳುವ ಟಾಪ್ ಸ್ಪಿನ್. ನಿಧಾನದ ಚೆಂಡಾದರೆ ಕ್ರೀಸ್ ಬಿಟ್ಟು ಮುಂದೆ ಬಂದು ಸಿಕ್ಸರ್ ಎತ್ತಬಹುದು. ಈ ವೇಗದ ಚೆಂಡಿಗೆ ಮುಂದೆ ಬರುವಷ್ಟರಲ್ಲಿ ಹಿಂದೆ ಸ್ಟಂಪ್ ಉರುಳಿರುತ್ತದೆ. ಇವತ್ತು ಅಫ್ಘಾನಿಸ್ತಾನದ ರಶೀದ್ ಖಾನ್ ಹೆಸರು ಮಾಡಿರುವುದು ಇಂಥ ಬಿರುಸಿನ ಲೆಗ್ ಸ್ಪಿನ್ನಿನಿಂದಲೇ ಅಲ್ಲವೇ?

1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ನಡೆದದ್ದನ್ನು ನೆನೆಯಿರಿ. ಆ ವರ್ಷ ಇಂಗ್ಲೆಂಡಿನಲ್ಲಿ ಡರ್ಬಿ ಗೆದ್ದ ಕುದುರೆಯ ಹೆಸರು ಮಿಲ್ ರೀಫ್. ಎಡ್ರಿಚ್ ಆಡುತ್ತಿದ್ದಾಗ ದಿಲೀಪ್ ಸರ್ದೇಸಾಯಿ "ಮಿಲ್ ರೀಫ್ ಹಾಕು" ಎಂದರಂತೆ, ಅಂದರೆ ವೇಗದ ಚೆಂಡು. ಎಡ್ರಿಚ್ ಬ್ಯಾಟ್ ಇಳಿಸುವ ಮೊದಲೇ ಬೌಲ್ಡ್! ಚಂದ್ರ 38 ರನ್ನಿಗೆ 6 ವಿಕೆಟ್ ಪಡೆದರು, ಇಂಗ್ಲೆಂಡ್ 101ಕ್ಕೆ ಆಲೌಟ್. ಆ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು.

ಊಹೆ ಬೇಡ, ಲೆಕ್ಕ ಕೊಡಿ ಎನ್ನುವವರಿಗೆ ಒಂದು ಲೆಕ್ಕ. ಟೆಸ್ಟಿನಲ್ಲಿ ಚಂದ್ರ ಒಂದು ವಿಕೆಟ್ ಪಡೆಯಲು ತೆಗೆದುಕೊಂಡದ್ದು ಸರಾಸರಿ 66 ಎಸೆತ, ಕೊಟ್ಟದ್ದು 29.74 ರನ್. ಅನಿಲ್ ಕುಂಬ್ಳೆ? ಅವರದೂ 66 ಎಸೆತ, 29.65 ರನ್! ಅಕ್ಕಪಕ್ಕ ಕೂತು ಒಬ್ಬರದನ್ನೊಬ್ಬರು ನೋಡಿ ಬರೆದಂತಿದೆ. ಇಬ್ಬರೂ ವೇಗದ ಲೆಗ್ ಸ್ಪಿನ್ನರುಗಳೇ. ಹಾಗಾದರೆ ಕುಂಬ್ಳೆ ಟಿ-20ಯಲ್ಲಿ ಏನು ಮಾಡಿದರು ನೋಡೋಣ. 2009ರ ಐಪಿಎಲ್ ದಕ್ಷಿಣ ಆಫ್ರಿಕಾದಲ್ಲಿ ನಡೆದಾಗ ಅವರಿಗೆ ವಯಸ್ಸು 38. ರಾಜಸ್ಥಾನದ ವಿರುದ್ಧ 5 ರನ್ನಿಗೆ 5 ವಿಕೆಟ್. ಆ ವರ್ಷ ಒಟ್ಟು 21 ವಿಕೆಟ್. ಫೈನಲ್‌ನಲ್ಲಿ 16 ರನ್ನಿಗೆ 4. ಆದರೂ ಬೆಂಗಳೂರು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್‌ಗೆ 6 ರನ್ನಿನಿಂದ ಸೋತಿತು. ಗಡಿಯ ಈಚೆಗಿರುವ ನಮ್ಮ ಪಾಡು ಏನಿರಬೇಕು ಹೇಳಿ! ನಮ್ಮ ರಾಜ್ಯದ ತಂಡ ಗೆದ್ದಿತೆಂದು ನಗಬೇಕೋ, ನಮ್ಮ ಭಾಷೆಯವನು ಸೋತನೆಂದು ಅಳಬೇಕೋ. (2025ರಲ್ಲಿ ಬೆಂಗಳೂರು ಕೊನೆಗೂ ಗೆದ್ದಾಗ ಅಂತರ ಅದೇ 6 ರನ್. ಆ ಫೈನಲ್‌ನಲ್ಲಿ ಪಂದ್ಯಶ್ರೇಷ್ಠನಾದ ಕೃಣಾಲ್ ಪಾಂಡ್ಯ ಕೂಡ 17 ರನ್ನಿಗೆ 2 ವಿಕೆಟ್ ಪಡೆದ ಸ್ಪಿನ್ನರ್.)

38ರ ಕುಂಬ್ಳೆಗೆ ಸಾಧ್ಯವಾದದ್ದು 26ರ ಚಂದ್ರನಿಗೆ ಆಗುತ್ತಿರಲಿಲ್ಲವೇ? ಜೊತೆಗೆ ಈಗ ಡಿಆರ್‌ಎಸ್ ಇದೆ. ಅಂದು ಕಾಲು ಮುಂದೆ ಚಾಚಿ ಪ್ಯಾಡಿಗೆ ಚೆಂಡು ತಗುಲಿಸಿಕೊಂಡವನಿಗೆ ಅಂಪೈರುಗಳು ಸುಲಭವಾಗಿ ಎಲ್‌ಬಿ ಕೊಡುತ್ತಿರಲಿಲ್ಲ. ಇಂದು ಕೊಡುತ್ತಾರೆ. ಚಂದ್ರನ ಗೂಗ್ಲಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬ್ಯಾಟಿಂಗ್ ಚಿಂತೆಯೂ ಬೇಡ. 2023ರಲ್ಲಿ ಐಪಿಎಲ್‌ಗೆ ಬಂದ ಇಂಪ್ಯಾಕ್ಟ್ ಆಟಗಾರನ ನಿಯಮದಲ್ಲಿ ಬ್ಯಾಟೇ ಹಿಡಿಯದೆ ನಾಲ್ಕು ಓವರ್ ಹಾಕಿ ಹೋಗಬಹುದು. ಅವರು ಆಡಿದ್ದು ಒಂದೇ ಒಂದು ಏಕದಿನ ಪಂದ್ಯ, 1976ರಲ್ಲಿ ನ್ಯೂಜಿಲೆಂಡ್ ವಿರುದ್ಧ. ಅದರಲ್ಲಿಯೂ 36 ರನ್ನಿಗೆ 3 ವಿಕೆಟ್ ಪಡೆದಿದ್ದರು. ಆಮೇಲೆ ಕರೆಯಲೇ ಇಲ್ಲ. ಆದ್ದರಿಂದ ನಮ್ಮ ತೀರ್ಪು: ಕೆಲವು ದಿನ ಬಾರಿಸಿಕೊಳ್ಳುತ್ತಿದ್ದರು, ಆದರೆ ಹೆಚ್ಚು ದಿನ ಪಂದ್ಯ ಗೆಲ್ಲಿಸುತ್ತಿದ್ದರು.

ಇಷ್ಟು ಬರೆದ ಮೇಲೆ ನಮ್ಮನ್ನು ನಾವೇ ಬೇರೊಂದು ಪ್ರಶ್ನೆ ಕೇಳಿಕೊಂಡೆವು. ಚಂದ್ರ ಟಿ-20ಯಲ್ಲಿ ಗೆಲ್ಲುತ್ತಿದ್ದರು ಸರಿ. ಆದರೆ ಅಲ್ಲಿಯ ತನಕ ಅವರನ್ನು ಯಾರು ಬರಗೊಡುತ್ತಿದ್ದರು? 1963ರಲ್ಲಿ ಮೈಸೂರು ತಂಡಕ್ಕೆ ಬಂದ ಹುಡುಗ ಕೆಲವೇ ತಿಂಗಳಲ್ಲಿ, 1964ರ ಜನವರಿಯಲ್ಲಿ, 18ನೇ ವಯಸ್ಸಿಗೆ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಆಡಿದ. ಅವನ ಕೈ ನೋಡಿ ಬೇಡ ಎನ್ನದೆ ಆ ಕೈಯಿಂದ ಬಂದ ಚೆಂಡು ನೋಡಿದವರಿದ್ದರು. ಈಗ? ಯೋ-ಯೋ ಓಟ, ಎಸೆತದ ದೂರ, ಬ್ಯಾಟಿಂಗ್, ಕ್ಯಾಚಿಂಗ್, ಎಲ್ಲಕ್ಕೂ ಅಂಕ. ಬೌಲಿಂಗ್ ಸರದಿ ಬರುವ ಮೊದಲೇ ಅಂಥ ಹುಡುಗನನ್ನು ಮನೆಗೆ ಕಳಿಸಿರುತ್ತಾರೆ. ಅಂಗವಿಕಲರಿಗೆ ಬೇರೆ ತಂಡವಿದೆಯಲ್ಲ ಎನ್ನಬಹುದು. ಇದೆ, 2025ರ ಜನವರಿಯಲ್ಲಿ ಆ ತಂಡ ಶ್ರೀಲಂಕಾದಲ್ಲಿ ಚಾಂಪಿಯನ್ಸ್ ಟ್ರೋಫಿಯನ್ನೂ ಗೆದ್ದಿದೆ, ನಮಗೆ ಹೆಮ್ಮೆ. ಆದರೆ ಚಂದ್ರ ಆಡಿದ್ದು ಎಲ್ಲರ ತಂಡದಲ್ಲಿ.

ಬೇರೆಯವರನ್ನು ದೂರುವುದು ಸುಲಭ. ನಮ್ಮದನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಹುಟ್ಟಿನಿಂದಲೇ ಬಲಗೈ ಸಣ್ಣದಿದ್ದ ಹುಡುಗನಿದ್ದ. ಮಂಡಲ ಮಟ್ಟದ ಆಟಗಳಿಗೆ ತಂಡ ಕಟ್ಟುವಾಗ ಅವನು ಬಂದು, "ಸಾರ್, ಒಂದು ಓವರ್ ಹಾಕ್ಲಾ?" ಎಂದು ಕೇಳಿದ. "ನಿನ್ನ ಅಕ್ಷರ ಚೆನ್ನಾಗಿದೆ, ಸ್ಕೋರ್ ಬರಿ" ಎಂದೆವು. ಒಳ್ಳೆಯ ಮಾತೇ ಆಡಿದೆವು ಎಂದುಕೊಂಡಿದ್ದೆವು. ಮೂರು ವರ್ಷ ಸ್ಕೋರ್ ಬರೆದ, ಒಂದೂ ತಪ್ಪಿಲ್ಲ. ಹತ್ತನೆಯದು ಮುಗಿಸಿ ಹೋದ. ಅವನು ಚೆಂಡು ಹೇಗೆ ಹಾಕುತ್ತಿದ್ದನೋ ನಾವು ನೋಡಲೇ ಇಲ್ಲ.

ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ಮನೆಮನೆ ಸುತ್ತಿದ ಮೇಷ್ಟ್ರುಗಳು ನಮ್ಮಲ್ಲಿ ಎಷ್ಟೋ ಜನ. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಬಂತು. ರೋಗವನ್ನು ಓಡಿಸಿದೆವು. ಸೊರಗಿದ ಕೈ ಕಂಡ ಕೂಡಲೇ "ನೀನು ಕೂತುಕೋ" ಎನ್ನುವ ಬುದ್ಧಿಯನ್ನು ಇನ್ನೂ ಓಡಿಸಿಲ್ಲ.

ನಮ್ಮ ಜಿಲ್ಲೆಯಲ್ಲಿ ಮೈದಾನಕ್ಕೇನೂ ಬರವಿಲ್ಲ. 2024ರಲ್ಲಿ ದುಲೀಪ್ ಟ್ರೋಫಿ ಪಂದ್ಯಗಳು ಅನಂತಪುರದ ಆರ್‌ಡಿಟಿ ಮೈದಾನದಲ್ಲಿಯೇ ನಡೆದವು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರೂ ಮಕ್ಕಳು ಅವೇ, ಶಾಲೆಯ ಬಯಲೂ ಅದೇ. ಬೇಕಿರುವುದು ಆರು ಎಸೆತದಷ್ಟು ತಾಳ್ಮೆ.

ಆದ್ದರಿಂದ ಈ ವರ್ಷ ನಮ್ಮ ಶಾಲೆಯಲ್ಲಿ ಒಂದು ಕಟ್ಟಳೆ ಮಾಡಿದ್ದೇವೆ. ತಂಡ ಆರಿಸುವ ಮೊದಲು ಬಂದ ಪ್ರತಿಯೊಂದು ಮಗುವೂ, ಹುಡುಗಿಯರೂ ಸೇರಿ, ಒಂದು ಓವರ್ ಹಾಕಲೇಬೇಕು. ಸ್ಕೋರ್ ಬರೆಯುವುದನ್ನು ಸರದಿಯ ಮೇಲೆ ಎಲ್ಲರೂ ಮಾಡಬೇಕು. ಹಾಗೆಯೇ ನಕ್ಕಿದ್ದ ಆ ಒಂಬತ್ತನೇ ತರಗತಿಯ ಹುಡುಗನಿಗೆ ಮುಂದಿನ ಸೋಮವಾರದ ಪ್ರಶ್ನೆ ಬರೆಯುವ ಕೆಲಸ ಕೊಟ್ಟಿದ್ದೇವೆ.

ನಿಮ್ಮ ಶಾಲೆಗಳಲ್ಲಿ ಹೇಗಿದೆ? ಸ್ಕೋರ್ ಪುಸ್ತಕ ಹಿಡಿದು ಕೂತಿರುವ ಮಗು ಯಾವುದು, ಯಾಕೆ ಕೂತಿದೆ ಎಂದು ಒಮ್ಮೆ ನೋಡಿ, ನಮಗೂ ತಿಳಿಸಿ.