ಶೇರ್ ಮಾಡಿದರೆ ಧರಣಿ ಆಗುವುದಿಲ್ಲ

2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದಂದು ಸಕಲೇಶಪುರದಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಅಲ್ಲಿ ಮೇಲೆತ್ತುವುದು ನೇತ್ರಾವತಿಗೆ ಸೇರಿ, ಬಂಟ್ವಾಳ ದಾಟಿ ತುಂಬೆ ಅಣೆಕಟ್ಟೆಗೆ ಬರಬೇಕಾದ ನೀರು. ಈ ಯೋಜನೆಯ ವಿರುದ್ಧ ವರ್ಷಗಟ್ಟಲೆ ಬೀದಿಗಿಳಿದವರಿದ್ದಾರೆ. ಈ ಮಾತು ಅವರಿಗಲ್ಲ. ‘ನೇತ್ರಾವತಿ ಉಳಿಸಿ’ ಎಂದು ಡಿಪಿ ಬದಲಿಸಿ, ಬಂದ ಮೆಸೇಜನ್ನು ನಾಲ್ಕು ಗ್ರೂಪಿಗೆ ದಾಟಿಸಿ, ತಮ್ಮ ಪಾಲಿನ ಹೋರಾಟ ಮುಗಿಯಿತೆಂದು ಮಲಗಿದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವಿದ್ಯಾವಂತರಿಗೆ.

ಹೆದ್ದಾರಿಗೆ ಜಾಗ ಹೋಗುವ ಸಂದರ್ಭವನ್ನೇ ನೋಡಿ. ಮೂಡುಬಿದಿರೆಯ ರಾಷ್ಟ್ರೀಯ ಹೆದ್ದಾರಿ 169 ಇರಲಿ, ಬೆಳ್ತಂಗಡಿಯ 73 ಇರಲಿ, ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಸಿ ಕಲಂ ಕೊಡುವುದು 21 ದಿನ. ಅದೂ ಲಿಖಿತವಾಗಿ. ಆದರೆ ಗ್ರೂಪಿನಲ್ಲಿ ಓಡಾಡುವುದು ಆ ಅಧಿಸೂಚನೆಯ, ಸರ್ವೆ ನಂಬರು ಕೂಡ ಓದಲಾಗದ ಮಸುಕು ಫೋಟೊ. ಅದರ ಕೆಳಗೆ ಸಾಲುಸಾಲು ಕೆಂಪು ಮುಖದ ಇಮೋಜಿ, ‘ಎಲ್ಲರೂ ಶೇರ್ ಮಾಡಿ’ ಎಂಬ ಆಜ್ಞೆ. ತನ್ನ ತೋಟದ ನಂಬರು ಅದರಲ್ಲಿದೆಯೇ ಎಂದು ನೋಡುವ ವ್ಯವಧಾನ ಯಾರಿಗಿದೆ? ಅರ್ಜಿ ಬರೆದು, ಒಯ್ದು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುವವರು ಎಷ್ಟು ಮಂದಿ? ಅಧಿಕಾರಿಯ ಕಡತದಲ್ಲಿ ಲೈಕುಗಳಿಗೆ ಜಾಗವಿಲ್ಲ. ವಾಯಿದೆ ಮುಗಿದ ಮೇಲೆ ‘ನಮ್ಮನ್ನು ಕೇಳಲೇ ಇಲ್ಲ’ ಎನ್ನುವುದು ಸುಳ್ಳು. ಕೇಳಿದಾಗ ನೀವು ಫೋನಿನಲ್ಲಿದ್ದಿರಿ.

ಮೊಬೈಲು ಬೇಡವೆನ್ನುತ್ತಿಲ್ಲ. ಸುರತ್ಕಲ್ ಟೋಲ್‌ಗೇಟ್ ವಿರುದ್ಧದ ಕರೆ ಊರೂರಿಗೆ ತಲುಪಿದ್ದರಲ್ಲಿ ಅದರ ಪಾಲೂ ಇದೆ. ಆದರೆ 2022ರ ಅಕ್ಟೋಬರ್ 18ರಂದು ಗೇಟಿಗೆ ಮುತ್ತಿಗೆ ಹಾಕಿದ್ದು ಜನ. ಅಕ್ಟೋಬರ್ 28ರಿಂದ ಹಗಲೂ ರಾತ್ರಿಯೂ ಧರಣಿ ಕೂತದ್ದೂ ಜನ. ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು.

ಇನ್ನೊಂದನ್ನು ಮರೆಯಬಾರದು. 2019ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಪ್ರತಿಭಟನೆಯ ವೇಳೆ ನಡೆದ ಪೊಲೀಸ್ ಗೋಲಿಬಾರಿನ ಬೆನ್ನಿಗೆ, ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್‌ನೆಟ್ಟನ್ನೇ ಸ್ಥಗಿತಗೊಳಿಸಲಾಯಿತು. ಫೋನಿನೊಳಗಷ್ಟೇ ಇರುವ ಚಳವಳಿಯನ್ನು ಮುಗಿಸಲು ಲಾಠಿಯೂ ಬೇಡ, ಒಂದು ಆದೇಶ ಸಾಕು. ನೆರೆಮನೆಯವರ ಹೆಸರು ಗೊತ್ತಿಲ್ಲದೆ ನೂರು ಗ್ರೂಪಿನ ಅಡ್ಮಿನ್ ಆದವರು ಆ ದಿನ ಯಾರನ್ನು ಕರೆಯುತ್ತಾರೆ?

ಈಗ ಉಡುಪಿ–ಕಾಸರಗೋಡು 400 ಕೆ.ವಿ. ವಿದ್ಯುತ್ ಮಾರ್ಗದ ವಿರುದ್ಧ ನಮ್ಮ ಕೃಷಿಕರು ದನಿ ಎತ್ತಿದ್ದಾರೆ. ಅವರ ವಿಡಿಯೊಗೆ ಹೃದಯ ಒತ್ತಿ ಸುಮ್ಮನಾಗಬೇಡಿ. ಮುಂದಿನ ಗ್ರಾಮಸಭೆಗೆ ಹೋಗಿ, ನಿಮ್ಮ ಆಕ್ಷೇಪವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿ ನೋಡಿಯೇ ಎದ್ದು ಬನ್ನಿ.