ಫಿಕ್ಸ್ ಆಗಿದೆ ಅಂದ್ರೆ ಸರಿಯಾಗಿದೆ ಅಂತಲ್ಲ ಸ್ವಾಮಿ!

ತುಂಬಾ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಇವತ್ತು ಸಿಟ್ಟು ಬಂದಿದೆ, ಬರೀತಿದೀನಿ.

ಹೋದ ತಿಂಗಳು ಮನೆ ಮುಂದೆ ನಿಲ್ಲಿಸಿದ್ದ ಅಪ್ಪನ ಸ್ಕೂಟರ್ ಕಳುವಾಯ್ತು. ಸಿಸಿಟಿವಿ ಇದೆಯಲ್ಲ ಅನ್ನೋ ಧೈರ್ಯದಲ್ಲಿ ರೆಕಾರ್ಡಿಂಗ್ ಹಾಕಿ ನೋಡಿದರೆ... ಕಳ್ಳನ ಮುಖ ಇರಬೇಕಾದಲ್ಲಿ ನೆನೆದ ಅವಲಕ್ಕಿ ಮುದ್ದೆ! ಆದರೆ ಕ್ಯಾಮೆರಾ ಪಕ್ಕದ ಮಲ್ಲಿಗೆ ಬಳ್ಳಿಯ ಎಲೆಗಳನ್ನು ಮಾತ್ರ ಒಂದೊಂದಾಗಿ ಎಣಿಸಬಹುದಿತ್ತು.

ಹಾಕಿದವನನ್ನು ಕೇಳಿದೆ. "ಇದು ಫಿಕ್ಸೆಡ್ ಫೋಕಸ್ ಸಾರ್, ಏನೂ ಮಾಡಕ್ಕಾಗಲ್ಲ. ಜಾಸ್ತಿ ಮೆಗಾಪಿಕ್ಸೆಲ್‌ದು ಹಾಕ್ಸಿ" ಅಂದ.

ನನ್ನ ತಕರಾರು ಇರೋದೇ ಇಲ್ಲಿ. ಫಿಕ್ಸೆಡ್ ಫೋಕಸ್ ಅಂದರೆ ಫೋಕಸ್ ಮಾಡೋದೇ ಬೇಡ ಅಂತಲ್ಲ. ಯಾರೋ ಒಂದು ಸಲ ಮಾಡಿ ಅಂಟು ಹಾಕಿದ್ದಾರೆ ಅಂತ. ಆ ಒಂದು ಸಲ ತಪ್ಪಿದರೆ ಕ್ಯಾಮೆರಾ ಸಾಯೋವರೆಗೂ ತಪ್ಪೇ.

ಲೆಕ್ಕ ನೋಡಿ. ಇಂಥ ಕ್ಯಾಮೆರಾಗಳಲ್ಲಿ 3.6 ಮಿ.ಮೀ. ಲೆನ್ಸ್ ತೀರಾ ಸಾಮಾನ್ಯ. ಅಪರ್ಚರ್ ಎಫ್/2, ಪಿಕ್ಸೆಲ್ 3 ಮೈಕ್ರಾನ್, ಎರಡು ಪಿಕ್ಸೆಲಿನಷ್ಟು ಮಬ್ಬು ನಡೆಯುತ್ತೆ ಅಂತಿಟ್ಟುಕೊಳ್ಳಿ. ಸುಮಾರು 1.08 ಮೀಟರಿಗೆ ಫೋಕಸ್ ಮಾಡಿ ಕೂರಿಸಿದರೆ ಅರ್ಧ ಮೀಟರಿನಿಂದ ದಿಗಂತದವರೆಗೂ ಎಲ್ಲ ಸ್ಪಷ್ಟ. ಆದರೆ ಲೆನ್ಸ್ ಬರೀ 12 ಮೈಕ್ರಾನ್ ಮುಂದೆ ಬಂತೋ, ಸುಮಾರು ಒಂದು ಮೀಟರಿನಾಚೆ ಎಲ್ಲ ಮಬ್ಬು! ಈ ಲೆನ್ಸಿನ ಮರೆ ಒಂದು ಸುತ್ತಿಗೆ ಅರ್ಧ ಮಿ.ಮೀ. ಸರಿಯುತ್ತೆ. ಅಂದರೆ ಗಡಿಯಾರದ ದೊಡ್ಡ ಮುಳ್ಳು ಒಂದೂವರೆ ನಿಮಿಷದಲ್ಲಿ ತಿರುಗುವಷ್ಟು ತಪ್ಪಿದರೆ ಸಾಕು, ಕಳ್ಳನಿಗೆ ಹಬ್ಬ.

ಇದನ್ನು ಕಣ್ಣಳತೆಯಲ್ಲಿ, ಅದೂ ಮೊಬೈಲ್ ಪರದೆ ನೋಡಿಕೊಂಡು ಸರಿ ಮಾಡಕ್ಕಾಗುತ್ತಾ?

"ಅಗ್ಗದ ಮಾಲು, ಅಷ್ಟೆಲ್ಲ ಯಾರು ಅಳೀತಾರೆ?" ಅಂತೀರಿ. ನಾನು ಅಳೆದೆ. ಚಕ್ರದ ಅರಗಳಂತೆ ನಡುವಿನಿಂದ ಹರಡುವ ಕಪ್ಪು ಬಿಳಿ ಪಟ್ಟಿಗಳ ಚಿತ್ರ ಇದೆಯಲ್ಲ, ಸೀಮೆನ್ಸ್ ಸ್ಟಾರ್ ಅಂತ, ಅದನ್ನು ಪ್ರಿಂಟ್ ಹಾಕಿ ನಾಲ್ಕು ಮೀಟರ್ ದೂರದ ಗೇಟಿಗೆ ಅಂಟಿಸಿದೆ. ಅಂಟು ಕೆರೆದು ಲೆನ್ಸನ್ನು ಕೂದಲೆಳೆಯಷ್ಟು ತಿರುಗಿಸೋದು, ಚಿತ್ರ ತೆಗೆಯೋದು. ನಡುವಿನ ಬೂದು ಬಣ್ಣದ ಮಚ್ಚೆ ಎಲ್ಲಿ ತೀರಾ ಚಿಕ್ಕದಾಯಿತೋ ಅಲ್ಲಿ ನಿಲ್ಲಿಸಿದೆ. ಇನ್ನೊಂದು ಉಪಾಯ: ದೃಶ್ಯ, ಬೆಳಕು ಬದಲಾಗದಿದ್ದರೆ ಯಾವ ಜೆಪೆಗ್ ಫೈಲಿನ ತೂಕ ಹೆಚ್ಚೋ ಸಾಮಾನ್ಯವಾಗಿ ಅದೇ ಸ್ಪಷ್ಟ ಚಿತ್ರ. ನಾಲ್ಕೂ ಮೂಲೆಗಳಲ್ಲಿ ಪರೀಕ್ಷಿಸಿ. ಒಂದು ಕಡೆ ಮಾತ್ರ ಮಬ್ಬಾದರೆ ಲೆನ್ಸ್ ಓರೆಯಾಗಿರಬಹುದು. ರಾತ್ರಿಯೂ ನೋಡಿ. ಇನ್‌ಫ್ರಾರೆಡ್ ಬೆಳಕಿಗೆ ಫೋಕಸ್ ಬೇರೆ ಕಡೆ ಬೀಳಬಹುದು.

ಖರ್ಚು? ಒಂದು ಹಾಳೆ, ಒಂದು ಮಧ್ಯಾಹ್ನ. ಈಗ ಗೇಟಿನ ಮುಂದೆ ನಿಂತ ಗಾಡಿಯ ನಂಬರ್ ಓದಬಹುದು. ಮೆಗಾಪಿಕ್ಸೆಲ್ ಅದೇ!

ಮಬ್ಬು ಚಿತ್ರಕ್ಕೆ ಹೆಚ್ಚು ಪಿಕ್ಸೆಲ್ ಸುರಿಯೋದು ಹಳಸಿದ ಸಾರಿಗೆ ಒಗ್ಗರಣೆ ಹಾಕಿದ ಹಾಗೆ. ಕ್ಯಾಮೆರಾ ಹಾಕಿಸುವಾಗ "ಗೇಟಿನ ಹತ್ತಿರ ಒಂದು ಪೇಪರ್ ಹಿಡೀತೀನಿ, ಹೆಡ್‌ಲೈನ್ ಓದಿ ತೋರ್ಸಿ, ಆಮೇಲೆ ದುಡ್ಡು" ಅನ್ನಿ. ನಾನು ಅನ್ನಲಿಲ್ಲ. ಸ್ಕೂಟರ್ ವಾಪಸ್ ಬರಲಿಲ್ಲ. ಅಪ್ಪ ಈಗ ಬಸ್ಸಿಗೆ ಕಾಯ್ತಾರೆ.

ನಿಮ್ಮನೆ ಗೇಟು ಹೇಗೆ ಕಾಣುತ್ತೆ? ಇವತ್ತೇ ನೋಡಿ, ಬಂದು ಹೇಳಿ.